ಬಾಣಲೆಯ ಜಿಡ್ಡು

ಯುದ್ಧದ ಚರಿತ್ರೆ ಅಂದರೆ ನಮಗೆಲ್ಲ ಗೊತ್ತಿರುವುದು ಒಂದೇ ರೀತಿ. ಇಸವಿ, ಸೇನಾಪತಿ, ಗೆದ್ದ ಊರು, ಸೋತ ಊರು. 'ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪಾತ್ರ' ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಬಿದ್ದರೆ 1941ರ ಪರ್ಲ್ ಹಾರ್ಬರಿನಲ್ಲಿ ಗಾಡಿ ಹತ್ತಿ, ದಾರಿಯಲ್ಲಿ ಮಿಡ್‌ವೇ, ಸಿಸಿಲಿ, ನಾರ್ಮಂಡಿ ಎಂದು ಲೋಕಲ್ ಟ್ರೇನಿನ ಸ್ಟೇಷನ್ನುಗಳ ಹಾಗೆ ಹೆಸರು ಹೇಳುತ್ತ, 1945ರ ಹಿರೋಶಿಮಾದಲ್ಲಿ ಇಳಿದುಬಿಡುತ್ತೇವೆ. ಹತ್ತಕ್ಕೆ ಏಳು ಅಂಕ ಖಾತ್ರಿ. ನಾನೂ ಹಾಗೇ ಓದಿದವಳು. ಆದರೆ ಆ ಯುದ್ಧವನ್ನು ಕುರಿತು ಪಠ್ಯದ ಆಚೆಗೆ ಓದತೊಡಗಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಟ್ಯಾಂಕೂ ಅಲ್ಲ, ವಿಮಾನವೂ ಅಲ್ಲ. ಒಂದು ತಗಡಿನ ಡಬ್ಬಿ.

ಅದು ಅಮೆರಿಕದ ಗೃಹಿಣಿಯರ ಅಡಿಗೆಮನೆಯ ಡಬ್ಬಿ. ಮಾಂಸ ಹುರಿದ ಮೇಲೆ ಬಾಣಲೆಯಲ್ಲಿ ಉಳಿಯುವ ಜಿಡ್ಡನ್ನು ಚೆಲ್ಲಬೇಡಿ, ಸೋಸಿ ಡಬ್ಬಿಯಲ್ಲಿ ತುಂಬಿ, ಮಾಂಸದಂಗಡಿಗೆ ಕೊಂಡುಹೋಗಿ ಕೊಡಿ ಎಂದು 1942ರಲ್ಲಿ ಸರಕಾರ ಕೇಳಿಕೊಂಡಿತು. ಕೊಬ್ಬಿನಿಂದ ಗ್ಲಿಸರಿನ್ ಬರುತ್ತದೆ, ಗ್ಲಿಸರಿನ್‌ನಿಂದ ಸ್ಫೋಟಕ. ಅಂದರೆ ಬೆಳಗಿನ ತಿಂಡಿಯಲ್ಲಿ ಉಳಿದದ್ದು ಮದ್ದುಗುಂಡಾಗುತ್ತದೆ. ಇದನ್ನು ಜನಕ್ಕೆ ತಿಳಿಸಲು ಡಿಸ್ನಿಯವರು ಅದೇ ವರ್ಷ ಒಂದು ಪುಟ್ಟ ಕಾರ್ಟೂನ್ ಚಿತ್ರವನ್ನೇ ತೆಗೆದರು. ಮಿನ್ನಿ ಮೌಸ್ ಬಾಣಲೆಯ ಜಿಡ್ಡನ್ನು ನಾಯಿ ಪ್ಲೂಟೋನ ತಟ್ಟೆಗೆ ಹಾಕಲು ಹೊರಟಾಗ ರೇಡಿಯೋ ತಡೆಯುತ್ತದೆ. ಕೊನೆಗೆ ಪ್ಲೂಟೋ ತಾನೇ ಡಬ್ಬಿ ಹೊತ್ತು ಅಂಗಡಿಗೆ ಹೋಗುತ್ತದೆ. ನಮ್ಮ ಸಸ್ಯಾಹಾರಿ ಮಿತ್ರರು ಮೂಗು ಮುರಿಯಬಹುದು. ಆದರೆ ಹಬ್ಬದ ದಿನ ವಡೆ ಕರಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಒಗ್ಗರಣೆಗೆ ಎತ್ತಿಡುವ ನಮ್ಮ ತಾಯಂದಿರಿಗೆ ಆ ಡಬ್ಬಿ ಹೊಸದಲ್ಲ. ಹೊಸದು ಏನೆಂದರೆ, ಆ ಡಬ್ಬಿಗೂ ರಣರಂಗಕ್ಕೂ ನಡುವೆ ಎಳೆದ ಗೆರೆ. ಆ ಗೆರೆಯನ್ನು ಹಿಡಿದು ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದೇ ಈ ಬರಹ.

ಮೊದಲು ಆ ದೇಶ ಯುದ್ಧಕ್ಕೆ ತಯಾರಾದ ಬಗೆ ನೋಡಿ. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರಿನ ಮೇಲೆ ಬಿದ್ದಾಗ 2,400ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಅದಕ್ಕೂ ಹಿಂದಿನ ವರ್ಷವೇ ಅಧ್ಯಕ್ಷ ರೂಸ್‌ವೆಲ್ಟ್ ತನ್ನ ದೇಶ ಪ್ರಜಾಪ್ರಭುತ್ವದ ಶಸ್ತ್ರಾಗಾರವಾಗಬೇಕು ಎಂದು ರೇಡಿಯೋದಲ್ಲಿ ಹೇಳಿದ್ದ. ಈಗ ಅದು ಅಕ್ಷರಶಃ ನಡೆಯಿತು. 1942ರ ಫೆಬ್ರವರಿಯಲ್ಲಿ ಜನಸಾಮಾನ್ಯರಿಗಾಗಿ ಕಾರು ಮಾಡುವುದನ್ನೇ ನಿಲ್ಲಿಸಿದರು. ಕಾರಿಲ್ಲದ ಡೆಟ್ರಾಯಿಟ್ ಅಂದರೆ ಮಿಲ್ಲಿಲ್ಲದ ಹಳೇ ಗಿರಣಗಾಂವ್ ಇದ್ದ ಹಾಗೆ. ಆದರೆ ಬಾಗಿಲು ಮುಚ್ಚಲಿಲ್ಲ, ಕೆಲಸ ಬದಲಾಯಿತು. ಫೋರ್ಡ್ ಕಂಪೆನಿ ವಿಲ್ಲೋ ರನ್ ಎಂಬಲ್ಲಿ ಬಿ-24 ಬಾಂಬರುಗಳ ಕಾರಖಾನೆ ಹಾಕಿತು. ಮೊದಮೊದಲು ಅಲ್ಲಿ ಏನೂ ಸರಿಹೋಗಲಿಲ್ಲ. ಜನ 'ವಿಲ್ ಇಟ್ ರನ್' ಎಂದು ಹೆಸರಿಟ್ಟು ನಕ್ಕರು. 1944ರ ಹೊತ್ತಿಗೆ ಅದೇ ಕಾರಖಾನೆಯಿಂದ ಹೆಚ್ಚುಕಡಿಮೆ ಗಂಟೆಗೊಂದು ವಿಮಾನ ಹೊರಬೀಳುತ್ತಿತ್ತು. ಹೆನ್ರಿ ಕೈಸರ್ ಎಂಬಾತ ಅಣೆಕಟ್ಟು, ರಸ್ತೆ ಕಟ್ಟಿಸಿದ ಗುತ್ತಿಗೆದಾರ. ಹಡಗಿನ ಕೆಲಸದಲ್ಲಿ ಹಳಬನಲ್ಲ. ಆತ 'ಲಿಬರ್ಟಿ' ಎಂಬ ಸರಕುಹಡಗುಗಳನ್ನು ತುಂಡುತುಂಡಾಗಿ ಬೇರೆ ಕಡೆ ಮಾಡಿಸಿ, ತಂದು ಬೆಸೆಯುವ ಪದ್ಧತಿ ಹಿಡಿದ. ಆರಂಭದಲ್ಲಿ ಒಂದು ಹಡಗಿಗೆ 200 ದಿನಕ್ಕೂ ಮೇಲೆ ಹಿಡಿಯುತ್ತಿದ್ದದ್ದು ಸರಾಸರಿ 42 ದಿನಕ್ಕಿಳಿಯಿತು. 1942ರ ನವೆಂಬರಿನಲ್ಲಿ, ತೋರಿಸಿಯೇ ಬಿಡೋಣ ಎಂದು, ಒಂದು ಹಡಗನ್ನು 5 ದಿನದೊಳಗೆ ಕಟ್ಟಿ ನೀರಿಗಿಳಿಸಿದರು. ನಮ್ಮ ಬೀದಿಯ ಗಟಾರದ ಚಪ್ಪಡಿ ಬದಲಾಯಿಸುವುದಕ್ಕೆ ಇದಕ್ಕಿಂತ ಹೆಚ್ಚು ದಿನ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇರಲಿ.

ಇಷ್ಟೆಲ್ಲ ಮಾಡುವುದಕ್ಕೆ ಬೇಕಾದ ಲೋಹ, ರಬ್ಬರು, ಸಕ್ಕರೆ, ಹಡಗಿನೊಳಗಿನ ಜಾಗ ಎಲ್ಲವನ್ನೂ ಸಂಸಾರಸ್ಥರಿಂದಲೇ ಕಿತ್ತುಕೊಳ್ಳಬೇಕು. ಹಾಗಾಗಿ ರೇಷನ್ನು ಬಂತು. 1942ರ ಜನವರಿಯಲ್ಲಿ ಮೊದಲು ಬಂದದ್ದು ಟೈರಿಗೆ. ಮಲಯಾ ಮತ್ತು ಡಚ್ಚರ ಪೂರ್ವದ್ವೀಪಗಳು ಜಪಾನಿನ ವಶಕ್ಕೆ ಹೋಗುವುದರೊಂದಿಗೆ ಅಮೆರಿಕಕ್ಕೆ ಬರುತ್ತಿದ್ದ ರಬ್ಬರಿನಲ್ಲಿ ನೂರಕ್ಕೆ 90 ಪಾಲು ನಿಂತೇಹೋಯಿತು. ಪೆಟ್ರೋಲು ಅಲ್ಲಿ ಬೇಕಾದಷ್ಟಿತ್ತು. ಆದರೂ ಅದೇ ಡಿಸೆಂಬರಿನಿಂದ ಇಡೀ ದೇಶಕ್ಕೆ ಪೆಟ್ರೋಲಿನ ರೇಷನ್ನು ಹಾಕಿದರು, ವೇಗವನ್ನು ಗಂಟೆಗೆ 35 ಮೈಲಿಗೆ ಕಟ್ಟಿಹಾಕಿದರು. ಪೆಟ್ರೋಲು ಉಳಿಸಲಿಕ್ಕಲ್ಲ, ಟೈರು ಸವೆಯದಿರಲಿ ಎಂದು! ಸಕ್ಕರೆ ತಲೆಗೆ ವಾರಕ್ಕೆ ಅರ್ಧ ಪೌಂಡು. ಕಾಫಿ, ಹದಿನೈದು ದಾಟಿದವರಿಗೆ, ಐದು ವಾರಕ್ಕೆ ಒಂದು ಪೌಂಡು. ಈ ಸಾಲನ್ನು ಓದಿದಾಗ ನಮ್ಮ ಮನೆಯ ಫಿಲ್ಟರನ್ನು ನೆನೆದು ನನಗೆ ನಿಜವಾಗಿ ದುಃಖವಾಯಿತು. ಬ್ರೆಜಿಲಿನಲ್ಲಿ ಕಾಫಿಗೇನೂ ಕೊರತೆ ಇರಲಿಲ್ಲ. ತರುವ ಹಡಗಿಗೆ ಸಮುದ್ರದಲ್ಲಿ ಜರ್ಮನ್ ಸಬ್‌ಮೆರೀನುಗಳ ಕಾಟ, ಉಳಿದ ಹಡಗು ಯುದ್ಧದ ಕೆಲಸಕ್ಕೆ. 1943ರಲ್ಲಿ ಮಾಂಸ, ಬೆಣ್ಣೆ, ಚೀಸು, ಡಬ್ಬಿಯ ಆಹಾರ ಎಲ್ಲಕ್ಕೂ ಕೆಂಪು, ನೀಲಿ ಚೀಟಿಗಳು ಬಂದವು. ಹಿತ್ತಲಲ್ಲಿ, ಶಾಲೆಯ ಬಯಲಿನಲ್ಲಿ, ಪಾರ್ಕಿನಲ್ಲಿ ತರಕಾರಿ ಬೆಳೆಯಿರಿ ಎಂದರು. ಸುಮಾರು 2 ಕೋಟಿ 'ವಿಜಯದ ತೋಟ'ಗಳು ಎದ್ದವು. ಮಕ್ಕಳು ಹತ್ತು ಸೆಂಟಿನ ಸ್ಟಾಂಪು ಕೊಂಡು ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದಾಗ ಅದನ್ನು ಯುದ್ಧದ ಬಾಂಡಾಗಿ ಬದಲಾಯಿಸಿಕೊಂಡರು. ಎಂಟೂವರೆ ಕೋಟಿ ಜನ ಬಾಂಡು ಕೊಂಡರು. 1944ರಲ್ಲಿ ಶಾಲೆಯ ಹುಡುಗರು ಹೊಲದ ಬದುಗಳಲ್ಲಿ ನಮ್ಮ ಎಕ್ಕದ ಜಾತಿಗೆ ಸೇರಿದ ಒಂದು ಗಿಡದ ಕಾಯಿಗಳನ್ನು ಮೂಟೆಗಟ್ಟಲೆ ಕಿತ್ತರು. ಅದರೊಳಗಿನ ಹಗುರವಾದ ಹತ್ತಿ ನಾವಿಕರ ತೇಲುಕವಚಕ್ಕೆ. ಎರಡು ಚೀಲ ಕಾಯಿ ಕಿತ್ತರೆ ಒಂದು ಜೀವ ಉಳಿಯುತ್ತದೆ ಎಂದು ಅವರಿಗೆ ಹೇಳಿಕೊಟ್ಟಿದ್ದರು.

ಕೊಟ್ಟದ್ದೆಲ್ಲ ಕೆಲಸಕ್ಕೆ ಬಂತೆ? ಇಲ್ಲ. 1941ರಲ್ಲಿ ವಿಮಾನಕ್ಕೆ ಅಂತ ಹೆಂಗಸರು ರಾಶಿ ರಾಶಿ ಅಲ್ಯುಮಿನಿಯಂ ಪಾತ್ರೆ ತಂದು ಸುರಿದರು. ಆ ಹಳೆಯ ಲೋಹ ವಿಮಾನಕ್ಕೆ ಅಷ್ಟಾಗಿ ಒದಗುವಂಥದ್ದಾಗಿರಲಿಲ್ಲ. ಆದರೆ ಕೇಳಿದವರಿಗೆ ಪಾತ್ರೆಯಷ್ಟೇ ಕೊಡುವ ಕೈಯೂ ಬೇಕಾಗಿತ್ತು. ಒಮ್ಮೆ ಕೊಟ್ಟವರು ಯುದ್ಧವನ್ನು 'ನಮ್ಮದು' ಅನ್ನುತ್ತಾರೆ. ಇದು ಬರೀ ಮೋಸ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಯಾಕೆಂದರೆ ಆ ಕೈಯನ್ನು ನಾನು ಮನೆಯಲ್ಲೇ ನೋಡಿದ್ದೇನೆ. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ನಮ್ಮಜ್ಜಿಗೆ ಹದಿನೇಳು ವರ್ಷ, ಇದೇ ಮುಂಬಯಿಯ ಒಂದು ಚಾಳಿನಲ್ಲಿ ಸಂಸಾರ. ಇದ್ದ ನಾಲ್ಕು ಚಿನ್ನದ ಬಳೆಯಲ್ಲಿ ಒಂದನ್ನು ರಕ್ಷಣಾ ನಿಧಿಗೆ ಬಿಚ್ಚಿಕೊಟ್ಟರು. "ಯಾಕಜ್ಜಿ ಕೊಟ್ಟೆ?" ಎಂದು ಕೇಳಿದರೆ, "ಎಲ್ರೂ ಕೊಡ್ತಿದ್ರು ಕಣೇ. ನಾನೊಬ್ಳು ಕೈ ಹಿಂದಕ್ಕಿಟ್ಕೊಳ್ಲಿಕ್ಕೆ ಆಗ್ತಿತ್ತಾ? ಕೊಟ್ಟ ಮೇಲೆ ಒಂಥರಾ ಸಂತೋಷಾನೇ ಆಯ್ತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅದು ಕೊನೆಗೆ ಏನಾಯ್ತು ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಅಂದರು. ದೂರೇನೂ ಅಲ್ಲ, ಸುಮ್ಮನೆ ಹೇಳಿದ ಮಾತು. ಆದರೆ ಅಮೆರಿಕದ ಆ ಡಬ್ಬಿಯ ಮುಂದೆ ನಾನು ನಿಂತದ್ದು ಇದೇ ಪ್ರಶ್ನೆ ಹಿಡಿದುಕೊಂಡು: ಕೊಟ್ಟದ್ದು ಏನಾಯಿತು?

ಒಂದು ಪಾಲು, ಯಾರೂ ತಲೆತಗ್ಗಿಸಬೇಕಾಗಿಲ್ಲದ ಕಡೆಗೆ ಹೋಯಿತು. ಗ್ವಾಡಲ್‌ಕೆನಾಲಿನ ಕೆಸರಿನಲ್ಲಿ 1942ರ ಆಗಸ್ಟಿನಿಂದ ಆರು ತಿಂಗಳು ಬಡಿದಾಡಿದವರಿಗೆ, ಅದೇ ನವೆಂಬರಿನಲ್ಲಿ ಉತ್ತರ ಆಫ್ರಿಕದಲ್ಲಿ ಇಳಿದವರಿಗೆ, 1943ರಲ್ಲಿ ಇಟಲಿಯ ಬೆಟ್ಟಗಳನ್ನು ಹತ್ತಿದವರಿಗೆ, 1944ರ ಜೂನ್ 6ರಂದು ನಾರ್ಮಂಡಿಯ ದಡದಲ್ಲಿ ಗುಂಡಿನ ಮಳೆಗೆ ಇಳಿದವರಿಗೆ ಹೋಯಿತು. ಆ ದಡದಿಂದ ಸೈನ್ಯ ಎಷ್ಟು ವೇಗವಾಗಿ ಮುನ್ನುಗ್ಗಿತೆಂದರೆ ಪೆಟ್ರೋಲೂ ಮದ್ದುಗುಂಡೂ ಹಿಂದೆ ಬಿದ್ದವು. ಆಗಸ್ಟಿನಿಂದ ನವೆಂಬರಿನವರೆಗೆ 'ರೆಡ್ ಬಾಲ್ ಎಕ್ಸ್‌ಪ್ರೆಸ್' ಎಂಬ ಹೆಸರಿನಲ್ಲಿ ಸಾವಿರಾರು ಲಾರಿಗಳು ಹಗಲೂ ರಾತ್ರಿ ಓಡಿ ಅವನ್ನು ಮುಟ್ಟಿಸಿದವು. ಆ ದಾರಿಯ ಕೊನೆಯಲ್ಲಿ ಇದ್ದದ್ದು ನಾಜಿಗಳ ಸೆರೆಶಿಬಿರಗಳು. ಅವುಗಳ ಬಾಗಿಲು ತೆರೆಯಬೇಕಾಗಿತ್ತು. ಅಹಿಂಸೆಯ ಹೆಸರಿನಲ್ಲಿ ಇದನ್ನು ಅಲ್ಲಗಳೆಯಲು ನನ್ನಿಂದಾಗದು. ಈ ಯುದ್ಧದಲ್ಲಿ 1 ಕೋಟಿ 60 ಲಕ್ಷ ಅಮೆರಿಕನ್ನರು ಸೈನ್ಯದಲ್ಲಿದ್ದರು. 4 ಲಕ್ಷಕ್ಕೂ ಮೇಲೆ ಮಂದಿ ಮರಳಲಿಲ್ಲ.

ಇನ್ನೊಂದು ಪಾಲು ಟೋಕಿಯೋಗೆ ಹೋಯಿತು. 1945ರ ಮಾರ್ಚ್ 9-10ರ ರಾತ್ರಿ ಸುಮಾರು 300 ಬಿ-29 ವಿಮಾನಗಳು ಮರ, ಕಾಗದದ ಮನೆಗಳ ಆ ಊರಿನ ಮೇಲೆ ಬೆಂಕಿಬಾಂಬು ಸುರಿದವು. ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಸುಟ್ಟು ಸತ್ತರು. ಹೆಚ್ಚಿನವರು ಸಾಮಾನ್ಯ ಸಂಸಾರಸ್ಥರು, ಹೆಂಗಸರು, ಮಕ್ಕಳು, ಮುದುಕರು. ಬಾಣಲೆಯ ಜಿಡ್ಡೇ ಅಲ್ಲಿ ಉರಿಯಿತು ಎನ್ನಲಾರೆ; ಅಲ್ಲಿ ಉರಿದದ್ದು 1942ರಲ್ಲಿ ಹಾರ್ವರ್ಡಿನ ಪ್ರಯೋಗಶಾಲೆಯಲ್ಲಿ ತಯಾರಾದ ನೇಪಾಮ್. ಆದರೆ ವಿಮಾನಕ್ಕೆ ಬಾಂಡಿನ ದುಡ್ಡಿತ್ತು, ಹತ್ತು ಸೆಂಟಿನ ಸ್ಟಾಂಪಿತ್ತು. ಜಪಾನಿನಲ್ಲೂ ಹೀಗೇ ಶಾಲಾಮಕ್ಕಳಿಂದ ಕೆಲಸ ತೆಗೆದಿದ್ದರು: ಹುಡುಗಿಯರು ಕಾಗದದ ಹಾಳೆ ಅಂಟಿಸಿ ದೊಡ್ಡ ಬಲೂನುಗಳನ್ನು ಮಾಡಿದರು, ಅವು ಬಾಂಬು ಹೊತ್ತು ಪೆಸಿಫಿಕ್ ಸಾಗರವನ್ನು ಗಾಳಿಯಲ್ಲೇ ದಾಟಿದವು. 1945ರ ಮೇ 5ರಂದು ಆರೆಗಾನಿನ ಕಾಡಿಗೆ ವನಭೋಜನಕ್ಕೆ ಹೋಗಿದ್ದ ಒಬ್ಬ ಬಸುರಿ ಹೆಂಗಸು ಮತ್ತು ಐವರು ಮಕ್ಕಳು ಅಂಥ ಒಂದು ಬಾಂಬಿಗೆ ಬಲಿಯಾದರು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಶತ್ರುವಿನಿಂದ ಸತ್ತವರು ಇವರು ಮಾತ್ರ. ಅಲ್ಲಿನ ಮಕ್ಕಳ ಅಂಟು ಇಲ್ಲಿನ ಮಕ್ಕಳನ್ನು ಕೊಂದಿತು, ಇಲ್ಲಿನ ಮಕ್ಕಳ ಸ್ಟಾಂಪು ಅಲ್ಲಿನವರನ್ನು. ಎರಡೂ ಕಡೆಯ ಮಕ್ಕಳಿಗೆ ಈ ಲೆಕ್ಕ ಗೊತ್ತಿರಲಿಲ್ಲ.

ಆ ದೇಶದೊಳಗೇ ಕೊಡುವವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತಿರಲಿಲ್ಲ ಎನ್ನುವುದನ್ನೂ ನೋಡಬೇಕು. ಪಂಕ್ತಿಭೇದ ನಮಗೇನು ಗೊತ್ತಿಲ್ಲದ ವಿಷಯವೆ? ಮೊದಲು ಕರಿಯರಿಗೆ ಕಾರಖಾನೆಗಳ ಬಾಗಿಲೇ ತೆರೆಯಲಿಲ್ಲ. ಕಾರ್ಮಿಕ ನಾಯಕ ಫಿಲಿಪ್ ರಾಂಡಾಲ್ಫ್ ಸಾವಿರಾರು ಜನರನ್ನು ವಾಷಿಂಗ್ಟನ್ನಿಗೆ ನಡೆಸಿಕೊಂಡು ಬರುತ್ತೇನೆ ಎಂದು ಹೆದರಿಸಿದ ಮೇಲೆ, 1941ರ ಜೂನಿನಲ್ಲಿ, ಯುದ್ಧೋದ್ಯಮಗಳಲ್ಲಿ ವರ್ಣಭೇದ ಕೂಡದು ಎಂಬ ಆಜ್ಞೆ ಹೊರಟಿತು. ಸೈನ್ಯದಲ್ಲಿ ಮಾತ್ರ ಅವರ ದಳ ಬೇರೆ, ಊಟದ ಜಾಗ ಬೇರೆ. ಮೇಲೆ ಹೇಳಿದ ರೆಡ್ ಬಾಲ್ ಲಾರಿಗಳನ್ನು ಓಡಿಸಿದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಕರಿಯರು. 1944ರ ಜುಲೈ 17ರಂದು ಕ್ಯಾಲಿಫೋರ್ನಿಯದ ಪೋರ್ಟ್ ಚಿಕಾಗೋದಲ್ಲಿ ಹಡಗಿಗೆ ಮದ್ದುಗುಂಡು ತುಂಬುವಾಗ ಸ್ಫೋಟವಾಗಿ 320 ಮಂದಿ ಸತ್ತರು. ಅವರಲ್ಲಿ 202 ಮಂದಿ ಕರಿಯರು. ಸರಿಯಾದ ತರಬೇತಿ ಕೊಡದೆ ಆ ಕೆಲಸಕ್ಕೆ ಹಚ್ಚಿದ್ದರು. ಬದುಕಿ ಉಳಿದವರು ಅದೇ ಸ್ಥಿತಿಯಲ್ಲಿ ಮತ್ತೆ ತುಂಬಲಾರೆವು ಎಂದಾಗ 50 ಮಂದಿಯನ್ನು ದಂಗೆಕೋರರೆಂದು ಜೈಲಿಗೆ ಹಾಕಿದರು. ಅವರು ನಿರ್ದೋಷಿಗಳೆಂದು ನೌಕಾಪಡೆ ಒಪ್ಪಿಕೊಂಡದ್ದು 2024ರಲ್ಲಿ. 80 ವರ್ಷ!

ಜಪಾನಿ ಮೂಲದವರ ಕತೆ ಇನ್ನೊಂದು ಬಗೆ. 1942ರ ಫೆಬ್ರವರಿ 19ರ ಒಂದು ಆಜ್ಞೆಯ ಮೇಲೆ ಪಶ್ಚಿಮ ಕರಾವಳಿಯಿಂದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಎಬ್ಬಿಸಿ, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹೊರಬಹುದಾದಷ್ಟು ಸಾಮಾನು ಮಾತ್ರ. ಹೊಲ, ಅಂಗಡಿ, ಮನೆ ಹಿಂದೆ ಬಿಟ್ಟು ಹೊರಟರು. ಅದೇ ಜನರ ಮಕ್ಕಳು 442ನೆಯ ರೆಜಿಮೆಂಟಿನಲ್ಲಿ ಸೇರಿ ಇಟಲಿ, ಫ್ರಾನ್ಸುಗಳಲ್ಲಿ ಕಾದಾಡಿ, ಆ ದೇಶದ ಸೈನ್ಯದಲ್ಲೇ ಅತಿ ಹೆಚ್ಚು ಪದಕ ಪಡೆದ ದಳಗಳಲ್ಲೊಂದು ಎನಿಸಿಕೊಂಡರು. ಮಗ ರಣರಂಗದಲ್ಲಿ, ತಾಯಿ ಕಾವಲಿನಲ್ಲಿ. ಆ ತಾಯಿಯನ್ನು 'ದೇಶಕ್ಕೆ ನೀನೇನು ಕೊಟ್ಟೆ' ಎಂದು ಯಾರು ಕೇಳಬೇಕು? 1988ರಲ್ಲಿ ಸರಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20 ಸಾವಿರ ಡಾಲರು ಕೊಟ್ಟಿತು.

ಹೆಂಗಸರ ಸಂಗತಿಯನ್ನು ನಮ್ಮ ಮಂಡಳಿಯ ಗೆಳತಿಯರು ವಿಶೇಷವಾಗಿ ಗಮನಿಸಬೇಕು. 1940ರಲ್ಲಿ ಸುಮಾರು 1 ಕೋಟಿ 20 ಲಕ್ಷವಿದ್ದ ದುಡಿಯುವ ಹೆಂಗಸರ ಸಂಖ್ಯೆ ಯುದ್ಧ ಮುಗಿಯುವ ಹೊತ್ತಿಗೆ ಅದರ ಒಂದೂವರೆ ಪಟ್ಟಾಯಿತು. ವೆಲ್ಡಿಂಗ್ ಮಾಡಿದರು, ರಿವೆಟ್ ಹೊಡೆದರು. ಕೈಸರನ ಪೋರ್ಟ್‌ಲೆಂಡಿನ ಹಡಗುಕಟ್ಟೆಯಲ್ಲಿ ರಾತ್ರಿ ಪಾಳಿಯ ತಾಯಂದಿರಿಗೂ ಶಿಶುವಿಹಾರವಿತ್ತು. ಯುದ್ಧ ಮುಗಿಯಿತು, ಶಿಶುವಿಹಾರ ಮುಚ್ಚಿತು, ಅಮ್ಮಂದಿರು ಮನೆಗೆ ಹೋಗಬಹುದು ಎಂದರು. ಈಗ ಅಂಗಿ, ಚೀಲಗಳ ಮೇಲೆಲ್ಲ ಕಾಣುವ, ತೋಳು ಮಡಚಿ ಸ್ನಾಯು ತೋರಿಸುವ ಹೆಂಗಸಿನ ಆ ಪೋಸ್ಟರು 1943ರದ್ದಾದರೂ ಆಗ ಒಂದು ಕಂಪೆನಿಯ ಕಾರಖಾನೆಗಳ ಒಳಗೆ ಕೆಲದಿನ ತೂಗಿ ಮರೆಯಾದದ್ದು. ಅದು ಪ್ರಸಿದ್ಧಿಗೆ ಬಂದದ್ದು ನಾಲ್ಕು ದಶಕ ಕಳೆದ ಮೇಲೆ.

ಈ ಗೆರೆ ನಮ್ಮ ದೇಶದ ಮೇಲೂ ಹಾದುಹೋಗಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದ್ದು ವಿಮಾನ ಕಟ್ಟಲಿಕ್ಕೆ. 1943ರಲ್ಲಿ ಅದು ಅಮೆರಿಕನ್ ವಾಯುದಳದ ಉಸ್ತುವಾರಿಗೆ ಹೋಗಿ ರಿಪೇರಿಯ ದೊಡ್ಡ ಡಿಪೋ ಆಯಿತು. ಕನ್ನಡದ ಕೈಗಳು ಅಮೆರಿಕದ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿದವು. ಅಮೆರಿಕದವರು ಸಕ್ಕರೆ ಅಳೆದು ತಿಂದ ಅದೇ 1943ರಲ್ಲಿ ಬಂಗಾಳದಲ್ಲಿ ಅನ್ನವೇ ಇರಲಿಲ್ಲ. ಆ ಬರಗಾಲದಲ್ಲಿ ಸತ್ತವರು ಸುಮಾರು 30 ಲಕ್ಷ. ಯುದ್ಧದ ಖರೀದಿಯಿಂದ ಏರಿದ ಬೆಲೆ, ಬರ್ಮಾದ ಅಕ್ಕಿ ನಿಂತದ್ದು, ದೋಣಿಗಳನ್ನೂ ಧಾನ್ಯವನ್ನೂ ಎತ್ತಿಸಿದ ಬ್ರಿಟಿಷರ ನೀತಿ ಎಲ್ಲ ಸೇರಿ ಅವರನ್ನು ಕೊಂದವು. ಅವರನ್ನು 'ತ್ಯಾಗ ಮಾಡುತ್ತೀರಾ' ಎಂದು ಯಾರೂ ಕೇಳಲಿಲ್ಲ. ಇನ್ನು ಈ ಮುಂಬಯಿ: 1944ರ ಏಪ್ರಿಲ್ 14ರ ಸಂಜೆ ವಿಕ್ಟೋರಿಯಾ ಡಾಕಿನಲ್ಲಿ ಸ್ಫೋಟಿಸಿದ ಫೋರ್ಟ್ ಸ್ಟಿಕೀನ್ ಹಡಗು ಕೆನಡಾದಲ್ಲಿ ಕಟ್ಟಿದ್ದು, ಅಮೆರಿಕದ ಲೆಂಡ್-ಲೀಸ್ ಏರ್ಪಾಡಿನಲ್ಲಿ ಬ್ರಿಟಿಷರಿಗೆ ಬಂದದ್ದು. ಒಂದೇ ಹಡಗಿನಲ್ಲಿ ಹತ್ತಿ, 1,400 ಟನ್ ಮದ್ದುಗುಂಡು, ಚಿನ್ನದ ಗಟ್ಟಿ. ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದವರಲ್ಲೇ 66 ಮಂದಿ. ನಾವು ದಿನಾ ಮಸ್ಜಿದ್ ಬಂದರ್ ದಾಟಿ ಕಾಲೇಜಿಗೆ ಬರುವಾಗ ಕಿಟಕಿಯ ಆಚೆ ಇರುವುದು ಆ ಜಾಗವೇ.

ಹಾಗಾದರೆ ಏನು ಮಾಡಬೇಕಿತ್ತು? ಡಬ್ಬಿ ಕೊಡಬಾರದಿತ್ತೆ? ಈ ಪ್ರಶ್ನೆ ಬಂದಾಗೆಲ್ಲ ನನಗೆ ಜೀನೆಟ್ ರ್ಯಾಂಕಿನ್ ನೆನಪಾಗುತ್ತಾಳೆ. ಮೊಂಟಾನಾದವಳು, 1916ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿಬಂದ ಮೊದಲ ಹೆಂಗಸು. 1917ರಲ್ಲಿ ಮೊದಲ ಮಹಾಯುದ್ಧ ಬೇಡ ಎಂದು ಮತ ಹಾಕಿದಳು. ಆಗ ಜೊತೆಗೆ ನಲವತ್ತೊಂಬತ್ತು ಮಂದಿ ಇದ್ದರು. 1941ರ ಡಿಸೆಂಬರ್ 8ರಂದು ಮತ್ತೆ ಅದೇ ಸಭೆ, ಮತ್ತೆ ಅದೇ ಪ್ರಶ್ನೆ. ಯುದ್ಧಕ್ಕೆ ಹೌದು ಎಂದವರು 388. ಇಲ್ಲ ಎಂದವಳು ಅವಳೊಬ್ಬಳು. ಹೆಂಗಸಾದ ನಾನು ಯುದ್ಧಕ್ಕೆ ಹೋಗಲಾರೆ, ಹಾಗಾಗಿ ಇನ್ನೊಬ್ಬರನ್ನು ಕಳಿಸಲೂ ಒಲ್ಲೆ ಎನ್ನುವುದು ಅವಳ ವಾದ. ಜನ ಎಷ್ಟು ರೇಗಿದರೆಂದರೆ ಅವಳು ಟೆಲಿಫೋನ್ ಗೂಡಿನೊಳಗೆ ಸೇರಿಕೊಳ್ಳಬೇಕಾಯಿತು. ಪೊಲೀಸರು ಬಂದು ಕರೆದೊಯ್ದರು. ಮುಂದಿನ ಚುನಾವಣೆಗೆ ಅವಳು ನಿಲ್ಲಲೇ ಇಲ್ಲ. ಗಾಂಧೀಜಿಯವರ ಸೆಳೆತದಿಂದ ಆಮೇಲೆ ಹಲವು ಸಲ ಭಾರತಕ್ಕೆ ಬಂದಳು.

ನಮ್ಮ ಗುಂಪಿನಲ್ಲಿ ಈ ಮಾತು ತೆಗೆದಾಗ ಜಗಳವೇ ಆಯಿತು. "ಹಿಟ್ಲರನ ಎದುರಿಗೆ ಅವಳ ಒಂದು ಮತದಿಂದ ಏನಾಗ್ತಿತ್ತು?" ಎಂದ ಒಬ್ಬ. ನಿಜ. ಆ ದಿನ ಆ ಸಭೆಯಲ್ಲಿ ನಾನಿದ್ದಿದ್ದರೆ 388ರ ಜೊತೆ 389ನೆಯವಳಾಗಿ ಕೈ ಎತ್ತುತ್ತಿದ್ದೆ. ಡಬ್ಬಿಯಲ್ಲಿ ಜಿಡ್ಡನ್ನೂ ತುಂಬಿ ಕೊಡುತ್ತಿದ್ದೆ. ಆದರೂ ಅವಳು ಅಲ್ಲಿ ಇದ್ದದ್ದು ಒಳ್ಳೆಯದಾಯಿತು ಎಂದೇ ನನ್ನ ವಾದ. ಕಾಂಗ್ರೆಸ್ಸಿನಲ್ಲಿ ಒಬ್ಬಳು 'ಇಲ್ಲ' ಎಂದಳು. ಪೋರ್ಟ್ ಚಿಕಾಗೋದಲ್ಲಿ 50 ಮಂದಿ 'ಹೀಗೆ ತುಂಬಲಾರೆವು' ಎಂದರು. ರಾಂಡಾಲ್ಫ್ 'ಕೆಲಸ ಕೊಡಿ, ಇಲ್ಲವಾದರೆ ಬರುತ್ತೇವೆ' ಎಂದ. ಇವರೆಲ್ಲ ದೇಶ ಬೇಡ ಎಂದವರಲ್ಲ. ಕೊಡುವವರಿಗೆ ಕೇಳುವ ಹಕ್ಕೂ ಇದೆ ಎಂದವರು. ಎಲ್ಲರೂ ಒಂದೇ ಉಸಿರಿನಲ್ಲಿ ಕೊಡುತ್ತಿರುವ ಹೊತ್ತಿನಲ್ಲಿ ಆ ಹಕ್ಕನ್ನು ಚಲಾಯಿಸುವುದು ಕಷ್ಟ. ಬಳೆ ಬಿಚ್ಚುವುದಕ್ಕಿಂತ ಕಷ್ಟ.

ನಾಳೆ ನಮ್ಮನ್ನೂ ಕೇಳುತ್ತಾರೆ. ನಮ್ಮ ಕಾಲಕ್ಕೆ ಜಿಡ್ಡನ್ನಲ್ಲ, ಬೇರೆ ಏನನ್ನಾದರೂ ಕೇಳಬಹುದು: ದುಡ್ಡು, ಮತ, ಘೋಷಣೆ, ಅಥವಾ ಬರೀ ಮೌನ. ಕಾರಣ ಒಳ್ಳೆಯದಾದರೆ ಕೊಡೋಣ, ಜಿಪುಣತನ ಬೇಡ. ಆದರೆ ಡಬ್ಬಿಯನ್ನು ಕೈಗಿಡುವಾಗ ಅದು ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರ ಮನೆಗಳಿವೆ ಎಂದು ಬಾಯಿಬಿಟ್ಟು ಕೇಳೋಣ. 1968ರ ಜನವರಿಯಲ್ಲಿ ವಿಯೆಟ್ನಾಂ ಯುದ್ಧ ನಿಲ್ಲಿಸಿ ಎಂದು ಸಾವಿರಾರು ಹೆಂಗಸರು ಹಿಮದಲ್ಲಿ ವಾಷಿಂಗ್ಟನ್ನಿನ ಬೀದಿಗಿಳಿದರು. ಮುಂದೆ ನಡೆದವಳು ರ್ಯಾಂಕಿನ್. ಆಗ ಅವಳಿಗೆ 87 ವರ್ಷ. ಈ ಸಲ ಅವಳು ಒಬ್ಬಳೇ ಆಗಿರಲಿಲ್ಲ.